ಎಳೆದ ಕಡೆಗೆ

ಹೊಳೆದಂಡೆಯ ಆ ಆಶ್ರಮಕ್ಕೆ ಬಂದವರೆಲ್ಲ ಮೊದಲು ಮರುಳಯ್ಯ ತಾತನ ಕಾಲಿಗೆ ಬೀಳುತ್ತಿದ್ದರು. ವನಜಾಕ್ಷಿ ಬೀಳಲಿಲ್ಲ. ನಿಂತೇ ಇದ್ದಳು.

ತಾತ ಹೊಂಗೆಮರದ ಕೆಳಗೆ ಕೂತಿದ್ದರು. ತಲೆ ಎತ್ತಿ ನೋಡಿದರು.

"ನಮಸ್ಕಾರ ಮಾಡೋಕೆ ಕೈ ಬಿಡುವಿಲ್ಲ ತಾತ," ಅಂದಳು. "ಇವಳನ್ನ ಬಿಟ್ಟರೆ ಓಡ್ತಾಳೆ."

ಅವಳ ಎಡಗೈ ಐದು ವರ್ಷದ ಮಗಳ ಮಣಿಕಟ್ಟನ್ನು ಹಿಡಿದಿತ್ತು. ಬಲಗೈಯಲ್ಲಿ ಬಟ್ಟೆಯ ಚೀಲ. ಮೊಣಕೈ ಕೆಳಗೆ ಹಲ್ಲಿನ ಗುರುತುಗಳಿದ್ದವು. ಕೆಲವು ಹಳೆಯವು, ಕೆಲವು ಇನ್ನೂ ಕೆಂಪಗಿದ್ದವು.

"ಕೂತ್ಕೋ ತಾಯಿ."

"ಕೂತರೆ ಮತ್ತೆ ಏಳೋಕಾಗಲ್ಲ."

ವನಜಾಕ್ಷಿ ಆಶ್ರಮಕ್ಕೆ ಹೊಸಬಳಲ್ಲ. ಲಂಗ ಉಡುವ ವಯಸ್ಸಿನಿಂದ ಅಪ್ಪನ ಜೊತೆ ಬಂದು, ತಾತನ ಎದುರು ಕೂತು ತತ್ವಪದ ಕಲಿತವಳು. ಒಂದು ಸಲ ಹಾಡಿದ್ದನ್ನು ಎರಡನೇ ಸಲ ಹೇಳಿಕೊಡಬೇಕಾಗಿರಲಿಲ್ಲ. ಹಾಡಷ್ಟೇ ಅಲ್ಲ, ಹಾಡಿನ ಒಳಗಿನದೂ ಅವಳಿಗೆ ತಿಳಿಯುತ್ತಿತ್ತು. ಇವಳಿಗೆ ಕಲಿಸೋದು ಹೆಚ್ಚೇನೂ ಉಳಿದಿಲ್ಲ ಅಂತ ತಾತನೇ ಒಮ್ಮೆ ಅವಳ ಅಪ್ಪನಿಗೆ ಹೇಳಿದ್ದರು.

ಮದುವೆಯಾದ ಮೇಲೂ ಅಮಾವಾಸ್ಯೆಗೆ ತಪ್ಪದೆ ಬರುತ್ತಿದ್ದಳು. ಮಗಳು ಹುಟ್ಟಿ, ಓಡಾಡತೊಡಗಿದ ಮೇಲೆ ಬರುವುದು ನಿಂತಿತು. ತಾಳದ ಸದ್ದು ಕೇಳಿದರೆ ಮಗು ಕಿವಿ ಮುಚ್ಚಿಕೊಂಡು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಿತ್ತು.

"ಹೆಸರೇನಿಟ್ಟಿದ್ದೆ? ಮರೆತೆ."

"ಸಿಂಚನ."

"ಕರೆದರೆ ತಿರುಗ್ತಾಳಾ?"

"ಇಲ್ಲ."

ತಾತ ಕರೆದರು. ಸಿಂಚನ ತಿರುಗಲಿಲ್ಲ. ಎಲೆಗಳ ಸಂದಿಯಿಂದ ಬೀಳುವ ಬಿಸಿಲಿಗೆ ಬೆರಳುಗಳನ್ನು ಅಡ್ಡ ಹಿಡಿದು ಆಡಿಸುತ್ತಿದ್ದಳು. ಅದನ್ನೇ ನೋಡುತ್ತಿದ್ದಳು.

"ಪಟ್ಟಣದ ಡಾಕ್ಟರು ಆಟಿಸಂ ಅಂದರು," ಅಂದಳು ವನಜಾಕ್ಷಿ. "ಇದು ರೋಗ ಅಲ್ಲಮ್ಮ, ಔಷಧಿ ಕೊಟ್ಟು ವಾಸಿ ಮಾಡೋಕೆ. ಅವಳು ಇರೋದೇ ಹೀಗೆ, ನಿಧಾನಕ್ಕೆ ಕಲಿಸಬೇಕು ಅಂದರು. ಒಳ್ಳೆಯವರು. ವಾರ ವಾರ ಬಸ್ಸಿನಲ್ಲಿ ಕರ್ಕೊಂಡು ಹೋಗ್ತೀನಿ. ಬಸ್ಸಿನಲ್ಲಿ ಕಿರುಚ್ತಾಳೆ. ಹೋದ ತಿಂಗಳು ಕಂಡಕ್ಟರು ಅರ್ಧ ದಾರಿಯಲ್ಲೇ ಇಳಿಸಿದ."

"ನಿನ್ನ ಗಂಡ?"

"ಬೇರೆ ಊರಲ್ಲಿ ಕೆಲಸ ಸಿಕ್ತು ಅಂತ ಹೋದರು. ಮೊದಲು ಬಂದು ಹೋಗಿ ಮಾಡ್ತಿದ್ರು. ಈಗ ಫೋನ್ ಮಾಡ್ತಾರೆ. ಮಗು ಕಿರುಚೋದು ಕೇಳಿಸಿದ್ರೆ, ಆಮೇಲೆ ಮಾಡ್ತೀನಿ ಅಂತ ಇಡ್ತಾರೆ."

ವನಜಾಕ್ಷಿ ಮಗಳ ಕಡೆ ನೋಡಿದಳು.

"ಇವಳು ಮಾತಾಡಲ್ಲ, ಅದಿರಲಿ ತಾತ. ಡಬ್ಬದಿಂದ ಏನಾದ್ರೂ ಬೇಕಾದ್ರೆ ನನ್ನ ಕೈ ಹಿಡ್ಕೊಂಡು ಹೋಗಿ ಡಬ್ಬದ ಮೇಲೆ ಇಡ್ತಾಳೆ. ಸೌಟು ಹಿಡಿದ ಹಾಗೆ ಹಿಡೀತಾಳೆ. ಆ ಕೈಗೊಂದು ಮುಖ ಇದೆ ಅಂತ ಒಂದು ಸಲನೂ ತಿರುಗಿ ನೋಡಲ್ಲ."

ತಾತ ಪಕ್ಕದ ತಂಬಿಗೆ ಎತ್ತಿಕೊಂಡರು. ಅಂಗೈಗೆ ನೀರು ಸುರಿದುಕೊಂಡು ಅವಳ ಮುಂದೆ ಹಿಡಿದರು.

"ಈ ನೀರು ಯಾರದು?"

ವನಜಾಕ್ಷಿ ನಕ್ಕಳು. ಅದು ನಗು ಅನ್ನಿಸುವ ಹಾಗಿರಲಿಲ್ಲ.

"ಇದು ನನಗೆ ಗೊತ್ತು ತಾತ. ಈಗ ನೀವು ಬೆರಳು ಬಿಡಿಸ್ತೀರಿ, ನೀರು ಹೋಗುತ್ತೆ. ಹಿಡಿದದ್ದು ನಂದಲ್ಲ ಅಂತ ನಾನು ಹೇಳ್ಬೇಕು. ಚಿಕ್ಕವಳಿದ್ದಾಗಲೇ ಕಲಿಸಿದ್ರಿ."

ತಾತನ ಅಂಗೈ ಹಾಗೇ ಇತ್ತು.

"ನನ್ನ ಮಗಳು ಅನ್ನೋದನ್ನ ಬಿಟ್ಟು ನೋಡಿದೆ ತಾತ. ಬಾಯಿಮಾತಿಗಲ್ಲ, ನಿಜವಾಗ್ಲೂ ಬಿಟ್ಟೆ. ಆಮೇಲೂ ಅವಳು ಊಟ ಮಾಡ್ಲಿಲ್ಲ. ಆಮೇಲೂ ಅವಳ ಹೇಲು ಗೋಡೆಯಿಂದ ನಾನೇ ಉಜ್ಜಬೇಕಿತ್ತು."

ನೀರು ತಾತನ ಬೆರಳುಗಳ ನಡುವಿಂದ ತಾನಾಗಿಯೇ ಇಳಿದುಹೋಯಿತು. ಅವರು ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಈಗ ಏನು ಕೇಳೋಕೆ ಬಂದೆ?"

"ಕೇಳೋಕೆ ಅಲ್ಲ. ನನ್ನ ಕೈಲಿ ಆಗ್ತಿಲ್ಲ ಅಂತ ಯಾರಿಗಾದ್ರೂ ಹೇಳ್ಬೇಕಿತ್ತು."

"ಇಲ್ಲೇ ಇರು," ಅಂದರು ತಾತ.

ಅವಳು ಇದ್ದಳು.

ಸಂಜೆ ಮಂಗಳಾರತಿಯ ಗಂಟೆ ಬಾರಿಸಿದಾಗ ಸಿಂಚನ ನೆಲಕ್ಕೆ ಬಿದ್ದು ಹೊರಳಾಡಿದಳು. ಆ ಕೂಗು ಹೊಳೆಯ ಆಚೆ ದಡಕ್ಕೂ ಕೇಳಿಸುವ ಹಾಗಿತ್ತು. ವನಜಾಕ್ಷಿ ಮಗಳ ತಲೆಯ ಕೆಳಗೆ ತನ್ನ ಕೈ ಇಟ್ಟು ಕೂತಳು. ನೆಲಕ್ಕೆ ಬಡಿಯಬೇಕಾದ ತಲೆ ಅವಳ ಅಂಗೈಗೆ ಬಡಿಯಿತು, ಮತ್ತೆ ಮತ್ತೆ.

ಮಾರನೇ ದಿನ ತಾತ ಗಂಟೆಯ ನಾಲಗೆಗೆ ಬಟ್ಟೆ ಸುತ್ತಿಸಿದರು. ಭಜನೆಯನ್ನೂ ನಿಲ್ಲಿಸಿದರು.

ಆಶ್ರಮದಲ್ಲಿ ಷಡಕ್ಷರಿ ಅಂತ ಒಬ್ಬ ಹಿರಿಯ ಶಿಷ್ಯನಿದ್ದ. ಭಜನೆ ಹೇಳಿಸುವವನು ಅವನೇ. ಅವನಿಗೆ ಇದು ಸರಿಬರಲಿಲ್ಲ.

"ಇದು ಆ ಮಗುವಿನ ಹಿಂದಿನ ಜನ್ಮದ ಕರ್ಮ ಅಲ್ವಾ ತಾತ?" ಅಂತ ಕೇಳಿದ. "ಅನುಭವಿಸದೆ ತೀರಲ್ಲ ಅಂತ ನೀವೇ ಹೇಳಿದ್ದೀರಿ."

"ಹೇಳಿದ್ದೀನಿ."

"ಹಾಗಿದ್ಮೇಲೆ ನಾವು ಭಜನೆ ಯಾಕೆ ನಿಲ್ಲಿಸಬೇಕು?"

"ಹಿತ್ತಲಲ್ಲಿ ಮಗು ಒದ್ದೆ ಮಾಡಿದ ಬಟ್ಟೆ ಬಿದ್ದಿದೆ. ಒಗೆದು ಬಾ. ಆಮೇಲೆ ಹೇಳ್ತೀನಿ."

ಷಡಕ್ಷರಿ ಒಗೆದು ಬಂದ. ಮತ್ತೆ ಕೇಳಲಿಲ್ಲ. ವನಜಾಕ್ಷಿ ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದಳು. ಅವನು ಒಗೆದ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು ತಂದು ಹಗ್ಗದ ಮೇಲೆ ಹಾಕಿದ್ದನ್ನೂ ನೋಡಿದಳು.

ಹೊಂಗೆಮರದ ಕೆಳಗೆ ಕಾಯಿಗಳು ಉದುರಿದ್ದವು. ಸಿಂಚನ ಅವನ್ನು ಆಯ್ದು ಸಾಲಾಗಿ ಇಡುತ್ತಿದ್ದಳು. ಒಂದರ ತುದಿ ಇನ್ನೊಂದರ ತುದಿಗೆ ತಾಗಬೇಕು. ಸಾಲು ಮರದ ಬುಡದಿಂದ ಹೊರಟು ಬಾವಿಕಟ್ಟೆಯವರೆಗೆ ಹೋಗುತ್ತಿತ್ತು. ಇಡುವಾಗ ಒಳಗೊಳಗೇ ಏನೋ ಗುನುಗುತ್ತಿದ್ದಳು.

ತಾತ ಕೋಲು ಊರಿಕೊಂಡು ಬಂದು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತರು. ತಾವೂ ಒಂದು ಕಾಯಿ ಎತ್ತಿ ಸಾಲಿನ ತುದಿಗೆ ಇಟ್ಟರು.

ಸಿಂಚನ ಅದನ್ನು ಎತ್ತಿ ಎಸೆದಳು. ತನ್ನ ಮುಂಗೈಯನ್ನು ತಾನೇ ಕಚ್ಚಿಕೊಂಡಳು. ವನಜಾಕ್ಷಿ ಓಡಿಬಂದು ಬಿಡಿಸುವಷ್ಟರಲ್ಲಿ ರಕ್ತ ಬಂದಿತ್ತು.

"ತಪ್ಪಾಯ್ತು," ಅಂದರು ತಾತ. ಮಗುವಿಗೆ ಹೇಳಿದರು.

"ಅವಳಿಗೆ ಅರ್ಥ ಆಗಲ್ಲ ತಾತ."

"ಹೇಳೋದು ನನ್ನ ಕೆಲಸ."

ಮರುದಿನ ತಾತ ಏನನ್ನೂ ಮುಟ್ಟಲಿಲ್ಲ. ಬೆಳಗಿನಿಂದ ಹೊತ್ತು ಇಳಿಯುವ ತನಕ ಮಗುವಿನ ಹತ್ತಿರ ಕೂತರು. ಮಧ್ಯಾಹ್ನ ಊಟಕ್ಕೂ ಏಳಲಿಲ್ಲ. ವನಜಾಕ್ಷಿ ದೂರದಿಂದ ಅವರ ಬೆನ್ನನ್ನೇ ನೋಡುತ್ತಿದ್ದಳು. ಎಷ್ಟೋ ಜನರ ಒಳಗಿನದನ್ನು ತಾತ ಹೀಗೆ ಸುಮ್ಮನೆ ಕೂತು ಕಂಡುಕೊಂಡಿದ್ದರು. ಅವಳ ಅಪ್ಪ ಸಾಯುವ ಮುಂಚೆ ಬಾಯಿ ಕಟ್ಟಿಹೋಗಿದ್ದಾಗ, ಅವನಿಗೆ ಬೇಕಾದದ್ದು ಏನು ಅಂತ ಹೇಳಿದವರು ತಾತನೇ.

ಸಂಜೆ ಎದ್ದು ಬಂದಾಗ ಅವಳು ಕೇಳಿದಳು.

"ಏನು ಕಂಡಿತು ತಾತ?"

"ಏನೂ ಕಾಣಲಿಲ್ಲ."

"ಸ್ವಲ್ಪನೂ?"

"ಅವಳು ಅಲ್ಲಿದ್ದಾಳೆ. ಬಾಗಿಲು ಎಲ್ಲಿದೆ ಅಂತ ನನಗೆ ಸಿಗಲಿಲ್ಲ."

ವನಜಾಕ್ಷಿ ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತಳು. ತಾತನಿಗೆ ಏನಾದರೂ ಕಾಣುತ್ತದೆ ಅಂತಲೇ ಅವಳು ಇಷ್ಟು ದೂರ ಬಂದಿದ್ದಳು. ಇನ್ನು ಹೋಗಿ ಕೇಳುವುದಕ್ಕೆ ಯಾರೂ ಇರಲಿಲ್ಲ.

ಆಮೇಲೊಂದು ಬೆಳಿಗ್ಗೆ ಅವಳು ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಸಿಂಚನ ಕೆಳಗಿನ ಮೆಟ್ಟಿಲಲ್ಲಿ ಪಾದ ಮುಳುಗಿಸಿ ಕೂತಿದ್ದಳು. ನೀರೆಂದರೆ ಮಗುವಿಗೆ ಪ್ರಾಣ. ನೀರಿನ ಹತ್ತಿರ ಮಾತ್ರ ಅವಳು ಕಚ್ಚುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ.

ಸಿಂಚನ ಎದ್ದು ನೀರಿಗೆ ಇಳಿದಳು. ಮೊಣಕಾಲು ಮುಳುಗಿತು. ಮುಂದೆ ಹೋದಳು. ಸೊಂಟ ಮುಳುಗಿತು.

ವನಜಾಕ್ಷಿ ನೋಡುತ್ತಿದ್ದಳು. ಕೈಯಲ್ಲಿ ಹಿಂಡಿದ ಸೀರೆ ಇತ್ತು. ಏಳಬೇಕು ಅಂತ ಗೊತ್ತಿತ್ತು.

ಏಳಲಿಲ್ಲ.

ನೀರು ಮಗುವಿನ ಎದೆಗೆ ಬಂತು. ಸಿಂಚನ ಎರಡೂ ಕೈ ಚಾಚಿ ನೀರಿನ ಮೇಲೆ ಬಡಿದು ನಗುತ್ತಿದ್ದಳು. ಆ ಹೊತ್ತಿನಲ್ಲಿ ವನಜಾಕ್ಷಿಗೆ ಹೆದರಿಕೆಯಾಗಲಿಲ್ಲ. ಹೊತ್ತ ಮೂಟೆಯನ್ನು ಯಾರೋ ಹಿಂದಿನಿಂದ ಬಂದು ಎತ್ತಿಕೊಂಡ ಹಾಗಾಯಿತು. ಅಷ್ಟು ಹಗುರ ಅವಳು ವರ್ಷಗಳಿಂದ ಕಂಡಿರಲಿಲ್ಲ.

ಮಗುವಿನ ಕಾಲು ಜಾರಿತು. ನೀರಿನ ಮೇಲೆ ಕೂದಲಷ್ಟೇ ಉಳಿಯಿತು.

ಆಗ ಅವಳು ಎದ್ದಳು. ಹೇಗೆ ಇಳಿದಳೋ, ಹೇಗೆ ಹಿಡಿದಳೋ ಅವಳಿಗೇ ತಿಳಿಯಲಿಲ್ಲ. ಮೆಟ್ಟಿಲ ಮೇಲೆ ಎಳೆದು ತಂದು ಬೆನ್ನು ತಟ್ಟಿದಳು. ಸಿಂಚನ ನೀರು ಕಾರಿದಳು, ಕೆಮ್ಮಿದಳು. ಉಸಿರು ಬಂದ ಕೂಡಲೇ ಮತ್ತೆ ಹೊಳೆಗೆ ಹೋಗಬೇಕೆಂದು ತಾಯಿಯ ಕೈ ಕಚ್ಚಿದಳು.

ತಾತ ಮೇಲಿನ ಮೆಟ್ಟಿಲಲ್ಲಿ ಕೋಲು ಹಿಡಿದು ನಿಂತಿದ್ದರು.

"ನಾನು ಕೂತೇ ಇದ್ದೆ ತಾತ," ಅಂದಳು ವನಜಾಕ್ಷಿ.

"ನೋಡಿದೆ."

"ಬೇಕು ಅಂತಲೇ ಕೂತಿದ್ದೆ."

"ಅದನ್ನೂ ನೋಡಿದೆ."

"ಮತ್ತೆ ಯಾಕೆ ಕೂಗಲಿಲ್ಲ?"

"ನೀನು ಏಳ್ತೀಯ ಅಂದ್ಕೊಂಡೆ."

"ಏಳದೇ ಇದ್ದಿದ್ರೆ?"

ತಾತ ಕೋಲೂರಿ ಒಂದು ಮೆಟ್ಟಿಲು ಇಳಿದರು.

"ಏಳದೇ ಇದ್ದಿದ್ರೆ, ತಾತ?"

"ನನಗೆ ಈಜು ಬರಲ್ಲ," ಅಂದರು.

ಮಗುವಿನ ಒದ್ದೆ ಲಂಗದಿಂದ ನೀರು ಸೋರಿ ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

"ಇವಳನ್ನ ನನ್ನ ಹತ್ರ ಬಿಟ್ಟು ಊರಿಗೆ ಹೋಗು," ಅಂದರು ತಾತ. "ನಿದ್ದೆ ಮಾಡು. ಹುಣ್ಣಿಮೆ ಕಳೆದ ಮೇಲೆ ಬಾ."

"ನಿಮ್ಮ ಕೈಲಿ ಆಗಲ್ಲ."

"ನಾನು ನಿನ್ನ ಗುರು."

"ಅದಕ್ಕೇ ಹೇಳ್ತಿದೀನಿ. ನಿಮ್ಮ ಕೈಲಿ ಆಗಲ್ಲ."

"ಹೋಗು ತಾಯಿ," ಅಂದರು ತಾತ. "ಇನ್ನೊಂದು ಸಲ ನೀನು ಏಳದೇ ಹೋಗಬಹುದು."

ಅವಳು ಹೋದಳು. ಹೋಗುವ ಮುಂಚೆ ಹೇಳಬೇಕಾದದ್ದನ್ನೆಲ್ಲ ಹೇಳಿದಳು. ಮಂಡಕ್ಕಿ, ಮೊಸರನ್ನ ಬಿಟ್ಟು ಬೇರೇನೂ ತಿನ್ನಲ್ಲ. ತಟ್ಟೆ ಬದಲಾಯಿಸಬಾರದು. ತಲೆ ಮುಟ್ಟಬಾರದು. ಹಿಂದಿನಿಂದ ಹೋಗಿ ಹಿಡಿಯಬಾರದು. ಸಿಂಚನ ಅವಳು ಹೊರಟದ್ದನ್ನು ನೋಡಲಿಲ್ಲ. ಬಾವಿಕಟ್ಟೆಯ ಹತ್ತಿರ ಕಾಯಿ ಜೋಡಿಸುತ್ತಿದ್ದಳು.

ಊರಲ್ಲಿ ವನಜಾಕ್ಷಿ ಬಾಗಿಲು ಹಾಕಿಕೊಂಡು ಮಲಗಿದಳು. ಎದ್ದಾಗ ಯಾವ ದಿನ ಅಂತ ತಿಳಿಯಲಿಲ್ಲ. ಟೀ ಮಾಡಿಕೊಂಡಳು. ಕೊನೆಯ ಗುಟುಕಿನವರೆಗೂ ಅದು ಬಿಸಿಯಾಗಿಯೇ ಇತ್ತು. ಅಷ್ಟಕ್ಕೇ ಅವಳಿಗೆ ಅಳು ಬಂತು.

ಪಕ್ಕದ ಮನೆಯಾಕೆ ಬಂದು ಕೇಳಿದಳು.

"ಮಗು ಎಲ್ಲಿ?"

"ಆಶ್ರಮದಲ್ಲಿ."

"ಒಳ್ಳೇದಾಯ್ತು ಬಿಡು," ಅಂದಳು ಆಕೆ. ಬಹಳ ದಿನ ಹಾಸಿಗೆ ಹಿಡಿದವರು ತೀರಿಕೊಂಡಾಗ ಹೇಳುವ ಹಾಗೆ, ಮೆಲ್ಲಗೆ ಹೇಳಿದಳು. ವನಜಾಕ್ಷಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ತಲೆ ಬಾಚಿಕೊಂಡಳು. ಬಿಸಿನೀರಲ್ಲಿ ಸ್ನಾನ ಮಾಡಿದಳು. ಒಂದು ದಿನ ಕೆಲಸದ ನಡುವೆ ಹಳೇ ಪದವೊಂದು ತಾನಾಗಿಯೇ ಬಾಯಿಗೆ ಬಂತು. ಅರ್ಧ ಹಾಡಿ ನಿಲ್ಲಿಸಿದಳು. ಹೇಳಿದ ದಿನಕ್ಕಿಂತ ಮೊದಲೇ ಮಗಳ ಹತ್ತಿರ ಓಡಿಹೋಗಬೇಕು ಅಂತ ಅನ್ನಿಸಬೇಕಿತ್ತಲ್ಲ, ಅನ್ನಿಸುತ್ತಿಲ್ಲವಲ್ಲ ಅಂತ ಅವಳಿಗೆ ಹೊಳೆದದ್ದು ಆಗ. ಹೊಳೆಯ ಮೆಟ್ಟಿಲಲ್ಲಿ ಆದದ್ದಕ್ಕಿಂತ ಇದು ಅವಳನ್ನು ಹೆಚ್ಚು ಹೆದರಿಸಿತು.

ಹುಣ್ಣಿಮೆ ಕಳೆದ ಮಾರನೇ ದಿನ ಆಶ್ರಮಕ್ಕೆ ಹೊರಟಳು.

ಅಂಗಳದಲ್ಲಿ ಯಾರೂ ಇರಲಿಲ್ಲ. ಷಡಕ್ಷರಿ ತಂಗಿಯ ಮನೆಗೆ ಹೋಗಿದ್ದ. ಉಳಿದವರೂ ಏನೇನೋ ಕೆಲಸ ಹೇಳಿಕೊಂಡು ಒಬ್ಬೊಬ್ಬರಾಗಿ ಹೋಗಿದ್ದರು. ಗುಡಿಸದ ಅಂಗಳದ ತುಂಬ ಎಲೆ ಬಿದ್ದಿತ್ತು.

ಸಿಂಚನ ಜಗಲಿಯ ಮೇಲಿದ್ದಳು. ಅವಳ ಸೊಂಟಕ್ಕೆ ಹಳೇ ಪಂಚೆಯೊಂದನ್ನು ಸುತ್ತಿ, ಅದರ ಇನ್ನೊಂದು ತುದಿಯನ್ನು ಕಂಬಕ್ಕೆ ಕಟ್ಟಿತ್ತು. ಅವಳು ಕಂಬದ ಒಂದು ಬದಿಯಿಂದ ಹೊರಟು, ಬಟ್ಟೆ ಬಿಗಿದಾಗ ನಿಂತು, ತಿರುಗಿ ಇನ್ನೊಂದು ಬದಿಗೆ ಹೋಗುತ್ತಿದ್ದಳು. ಸಗಣಿ ಸಾರಿಸಿದ ನೆಲದಲ್ಲಿ ಅವಳ ಪಾದ ಸವೆಸಿದ ದಾರಿ ಬಿಲ್ಲಿನ ಹಾಗೆ ಬಾಗಿ ಬಿದ್ದಿತ್ತು.

ತಾತ ಗೋಡೆಗೆ ಒರಗಿ ಕೂತಿದ್ದರು. ಕೆನ್ನೆಯ ಮೇಲೆ ಉಗುರಿನ ಗೀರು. ಒಂದು ಪಾದ ಊದಿಕೊಂಡಿತ್ತು.

"ಕಟ್ಟಿದ್ದು ನಾನೇ," ಅಂದರು.

ವನಜಾಕ್ಷಿ ಚೀಲ ಕೆಳಗಿಟ್ಟಳು.

"ಮೊದಮೊದಲು ಹಿಂದೆ ಓಡಿದೆ. ಬಿದ್ದೆ. ಅಷ್ಟರಲ್ಲಿ ಹೊಳೆ ಹತ್ರ ಹೋಗಿದ್ದಳು. ಯಾರೋ ದನ ಕಾಯೋನು ಹಿಡಿದು ತಂದ. ಆಮೇಲೆ ಕಟ್ಟಿದೆ." ತಾತ ತಲೆ ತಗ್ಗಿಸಿದರು. "ಬೈಯಿ. ಬೈಸಿಕೊಳ್ಳೋಕೇ ಕಾಯ್ತಾ ಕೂತಿದೀನಿ."

ಅವಳು ಬೈಯಲಿಲ್ಲ. ಮಗಳ ಹತ್ತಿರ ಹೋಗಿ ಮಂಡಿಯೂರಿದಳು. ಸೊಂಟದ ಪಂಚೆಯನ್ನು ಸಡಿಲಿಸಿ ಒಳಗೆ ಬೆರಳಾಡಿಸಿ ನೋಡಿದಳು. ಚರ್ಮ ಕೆಂಪಾಗಿತ್ತು.

"ಗಂಟು ಬೆನ್ನಿಗೆ ಬರಬೇಕು ತಾತ," ಅಂದಳು. "ಒಳಗಡೆ ಮೆತ್ತನೇ ಬಟ್ಟೆ ಮಡಚಿ ಇಡ್ಬೇಕು. ಇಲ್ಲದಿದ್ರೆ ಹೀಗೆ ತರಚುತ್ತೆ."

ತಾತ ತಲೆ ಎತ್ತಿದರು. ಅವಳ ಕೈಗಳನ್ನು ನೋಡಿದರು. ಆ ಕೈಗಳು ಗಂಟನ್ನು ಬಿಚ್ಚಿ, ಹಿಂದಕ್ಕೆ ತಂದು, ಮತ್ತೆ ಕಟ್ಟುತ್ತಿದ್ದವು. ನೋಡದೆಯೇ ಕಟ್ಟುತ್ತಿದ್ದವು.

"ನೀನೂ ಕಟ್ಟಿದ್ದೀಯ."

"ಸ್ನಾನಕ್ಕೆ ಹೋಗುವಾಗ. ಒಲೆ ಮುಂದೆ ಇರುವಾಗ. ನನಗೆ ಜ್ವರ ಬಂದಾಗ ಇಡೀ ದಿನ."

"ಅವತ್ತೇ ಯಾಕೆ ಹೇಳಲಿಲ್ಲ?"

"ಕಟ್ಟದೆ ಇರೋಕೆ ನಿಮಗೆ ಒಂದು ದಾರಿ ಗೊತ್ತಿರುತ್ತೆ ಅಂದ್ಕೊಂಡಿದ್ದೆ," ಅಂದಳು. "ಅದನ್ನ ನೋಡಿ ಕಲಿಯೋಣ ಅಂತ ಬಿಟ್ಟು ಹೋದೆ."

ತಾತನ ಕಣ್ಣು ತುಂಬಿತು. ಇಷ್ಟು ವರ್ಷದಲ್ಲಿ ಅವಳು ತಾತನ ಕಣ್ಣಲ್ಲಿ ನೀರು ಕಂಡಿರಲಿಲ್ಲ. ಕಂಡರೆ ತನಗೆ ಏನಾಗಬಹುದು ಅಂತ ಯೋಚಿಸಿಯೂ ಇರಲಿಲ್ಲ. ಏನೂ ಆಗಲಿಲ್ಲ. ಸುಸ್ತಷ್ಟೇ ಇತ್ತು.

"ಒಂದು ಕೇಳ್ತೀನಿ ತಾತ. ಇಲ್ಲಿಗೆ ಬಂದಾಗಿಂದ ಬಾಯಿಗೆ ಬರ್ತಿದೆ, ನುಂಗ್ತಿದೀನಿ."

"ಕೇಳು."

"ನಾನು ಹೋದ ಮೇಲೆ ಇವಳಿಗೆ ಯಾರು?"

ತಾತ ಕಂಬ ಹಿಡಿದು ಎದ್ದರು. ಕಂಬದ ಗಂಟನ್ನು ಬಿಚ್ಚತೊಡಗಿದರು. ಬಿಗಿದುಕೊಂಡಿತ್ತು, ಸುಲಭಕ್ಕೆ ಬರಲಿಲ್ಲ. ವನಜಾಕ್ಷಿ ಕೈ ಚಾಚಿದಾಗ ಬೇಡವೆಂದು ತಲೆ ಅಲ್ಲಾಡಿಸಿದರು. ಕೊನೆಗೂ ಬಿಚ್ಚಿ, ಆ ತುದಿಯನ್ನು ತಮ್ಮ ಸೊಂಟಕ್ಕೆ ಸುತ್ತಿ ಕಟ್ಟಿಕೊಂಡರು.

ಸಿಂಚನಳಿಗೆ ಬಟ್ಟೆ ಸಡಿಲಾದದ್ದು ತಿಳಿಯಿತು. ಸವೆದ ದಾರಿಯನ್ನು ಬಿಟ್ಟು ಜಗಲಿಯ ಅಂಚಿನ ಕಡೆ ಹೊರಟಳು. ತಾತ ಕಂಬ ಹಿಡಿದುಕೊಂಡೇ ಊದಿದ ಕಾಲನ್ನು ಎಳೆದುಕೊಂಡು ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು.

"ಬೀಳ್ತೀರಿ ತಾತ."

"ಕಂಬಕ್ಕೆ ನಡೆಯೋಕೆ ಬರಲ್ಲ. ನನಗೆ ಇನ್ನೂ ಸ್ವಲ್ಪ ಬರುತ್ತೆ."

"ನೀವು ನನಗಿಂತ ಮೊದಲೇ ಹೋಗ್ತೀರಿ."

"ಹೌದು."

"ಇವಳು ನಮ್ಮಿಬ್ಬರಿಗಿಂತ ಹೆಚ್ಚು ದಿನ ಇರ್ತಾಳೆ."

"ಹೌದು."

"ಆಮೇಲೆ?"

ಸಿಂಚನ ಜಗಲಿ ಇಳಿದು ಅಂಗಳಕ್ಕೆ ಕಾಲಿಟ್ಟಿದ್ದಳು. ನಡುವಿನ ಬಟ್ಟೆ ಬಿಗಿಯಿತು. ತಾತ ಕಂಬದಿಂದ ಕೈ ಬಿಟ್ಟು, ವನಜಾಕ್ಷಿಯ ಕಡೆ ತಿರುಗಿ ನೋಡಿದರು.

"ಅದು ನನಗೆ ಗೊತ್ತಿಲ್ಲ ತಾಯಿ. ಎಳೀತಿದ್ದಾಳೆ, ನಾನು ಹೋಗಬೇಕು."